ಐ, ಆಯಿ

ಖಜಾನೆಯ ಲೆಕ್ಕದಲ್ಲಿ ಅವರು ಇಬ್ಬರು:
ಐಸಮ್ಮ ಒಬ್ಬಳು, ಆಯಿಷಮ್ಮ ಇನ್ನೊಬ್ಬಳು.
ಉಳ್ಳಾಲದ ಒಂದೇ ಓಣಿ, ಒಂದೇ ಡೋರ್ ನಂಬರು,
ಇಬ್ಬರಿಗೂ ಒಬ್ಬನೇ ಗಂಡ,
ಒಂದೇ ದಿನ ತೀರಿಕೊಂಡವನು.
ಯಾರಿಗೂ ಏನೂ ಅನಿಸಲಿಲ್ಲ.

ಒಬ್ಬಳಿಗೆ ವಿಧವಾ ವೇತನ, ಎಂಟುನೂರು,
ಪೋಸ್ಟ್‌ಮ್ಯಾನ್ ಎಣಿಸಿ ಕೈಗಿಡುತ್ತಿದ್ದ.
ಇನ್ನೊಬ್ಬಳಿಗೆ ಸಂಧ್ಯಾ ಸುರಕ್ಷಾ, ಸಾವಿರದಿನ್ನೂರು,
ಸದ್ದಿಲ್ಲದೆ ಪಾಸ್‌ಬುಕ್ಕಿಗೆ ಬಂದು ಕೂರುತ್ತಿತ್ತು.
ಮೂವತ್ತೊಂದು ತಿಂಗಳು
ಒಂದೇ ಸೀರೆಯೊಳಗೆ ಜಗಳವಿಲ್ಲದೆ
ಬಾಳಿದರು ಇಬ್ಬರೂ.

ಆಮೇಲೆ ಆಧಾರ್ ಜೋಡಿಸಲು ಹೇಳಿದರು.
ಬೀಡಿ ಸುತ್ತಿ ಸುತ್ತಿ ಸವೆದ ಹೆಬ್ಬೆರಳು.
ಯಂತ್ರ ನಾಲ್ಕು ಸಲ
ಇವಳು ಯಾರೂ ಅಲ್ಲ ಅಂದಿತು,
ಐದನೆಯ ಸಲ
ಇವಳು ಇಬ್ಬರು ಅಂದಿತು.

ನೋಟೀಸು ಬರೆದವನು ನಾನು.
ಸದರಿ ಫಲಾನುಭವಿಯು, ಅಂತ ಶುರು ಮಾಡಿದೆ,
ಹೆಚ್ಚುವರಿಯಾಗಿ ಪಡೆದಿರುವ, ಅಂತ ಮುಂದುವರಿಸಿದೆ.
ಪಡೆದಿರುವ. ಈ ಕ್ರಿಯಾಪದ
ನಮ್ಮ ಟಪಾಲಿನಲ್ಲಿ ಯಾವತ್ತೂ ಅವರ ಪಾಲಿಗೆ.
ನಾವು ಕೊಟ್ಟೆವು ಅಂತ ಬರೆಯುವ ಫಾರ್ಮು
ಇದುವರೆಗೆ ಅಚ್ಚಾಗಿಲ್ಲ.
ಎಂಟುನೂರನ್ನು ಮೂವತ್ತೊಂದರಿಂದ ಗುಣಿಸಿದರೆ
ಇಪ್ಪತ್ತನಾಲ್ಕು ಸಾವಿರದ ಎಂಟುನೂರು,
ಹದಿನೈದು ದಿನದೊಳಗೆ, ಚಲನ್ ಮೂಲಕ.

ಹದಿನಾಲ್ಕನೇ ದಿನ ಬಂದಳು,
ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸಿಳಿದು, ಮೆಟ್ಟಿಲಿಗೊಮ್ಮೆ ನಿಂತು.
ಪ್ಲಾಸ್ಟಿಕ್ ತೊಟ್ಟೆಯಲ್ಲಿ ನೋಟೀಸು, ಎರಡು ಫೋಟೋ,
ಹೊಗೆಸೊಪ್ಪಿನ ವಾಸನೆಯ ಪಾಸ್‌ಬುಕ್ಕು.
ಹೆಚ್ಚು ಬರುವುದು ಗೊತ್ತಾಗಲಿಲ್ಲವಾ, ಕೇಳಿದೆ.
"ಗೊತ್ತಾಗದೆ ಉಂಟಾ ಮೋನೆ?
ಸರಕಾರ ಜಾಸ್ತಿ ಮಾಡಿದೆ ಅಂತ ಟೀವಿಯಲ್ಲಿ ಹೇಳ್ತಾ ಇದ್ರು.
ಒಮ್ಮೆ ನಮಗೂ ಬಂತು ಅಂದ್ಕೊಂಡೆ."

ಎಂತ ಮಾಡಿದಿರಿ ಅಷ್ಟು ದುಡ್ಡು?
ಬೆರಳು ಮಡಚಿದಳು:
ಒಂದು ಕಣ್ಣಿನ ಪೊರೆ ತೆಗೆಸಿದ್ದು. ಇನ್ನೊಂದು ಹಾಗೇ ಉಂಟು.
ಅಡುಗೆಕೋಣೆಗೆ, ಕಡಲಿನ ಬದಿ, ಎರಡು ಶೀಟು.
"ಕಡಲು ಎರಡು ತೆಂಗು ತೆಗೊಂಡು ಹೋಯ್ತು,
ಅದು ನೋಟೀಸು ಕೊಡ್ಲಿಲ್ಲ."
ಮತ್ತೆ, ದಿನಾ ಬೂತಾಯಿ ಬೇಯುವ ಮನೆಯಲ್ಲಿ
ಒಂದು ದಿನ, ಒಂದೇ ದಿನ, ಅಂಜಲ್.
ಅದನ್ನು ಹೇಳುವಾಗ ಮಾತ್ರ ದನಿ ತಗ್ಗಿತು,
ಕದ್ದ ಹಾಗೆ.

"ಬ್ರಾಂಚಿನವ ಸಾವಿರ ಬೀಡಿಗೆ ಎಲೆ ತೂಗಿ ಕೊಡ್ತಾನೆ.
ಆ ಎಲೆ ಸಾವಿರಕ್ಕೆ ಸಾಲುವುದಿಲ್ಲ.
ಕಡಿಮೆ ಬಿದ್ದದ್ದು ನಾನೇ ಕೊಂಡು ತುಂಬಿಸುವುದು,
ನಲ್ವತ್ತು ವರ್ಷ ಆಯ್ತು.
ಈಗ ನೀವು ಹೆಚ್ಚು ಕೊಟ್ಟದ್ದೂ
ನಾನೇ ತುಂಬಿಸುವುದಾ?
ತುಂಬಿಸ್ತೇನೆ. ಕೇಳಿದ್ದು ಅಷ್ಟೆ."

ಅವಳನ್ನು ಬೆಂಚಿನಲ್ಲಿ ಕೂರಿಸಿ ಹಳೆ ಕಡತ ಬಿಚ್ಚಿದೆ.
ಎರಡನೇ ಅರ್ಜಿಯ ಮೂಲೆಯಲ್ಲಿ
"ಪರಿಶೀಲಿಸಿದೆ", ನೀಲಿ ಶಾಯಿ, ನನ್ನದೇ ಕಿರುಸಹಿ.
ನೆನಪಾಯಿತು. ಕೌಂಟರಿನಾಚೆ ಯಾರೋ
ಐಸಮ್ಮ ಅಂದಿದ್ದಳು.
ನಾನು ಓದಿದವನು,
ಶುದ್ಧ ಮಾಡಿ ಬರೆದುಕೊಂಡಿದ್ದೆ.

ಸಾಹೇಬರಲ್ಲಿ ಹೋಗಿ ಕಂತು ಮಾಡಿಸಿದೆ.
ಟಿಪ್ಪಣಿಯಲ್ಲಿ
"ತಾಂತ್ರಿಕ ಕಾರಣದಿಂದ" ಎಂದು ಬರೆದೆ.
ಬೇರೆ ಯಾವುದೂ ಬರೆಯಲಿಲ್ಲ.

ಸಾವಿರದಿನ್ನೂರರಲ್ಲಿ ತಿಂಗಳಿಗೆ ನಾನೂರು ಕಡಿತ,
ಅರುವತ್ತೆರಡು ಕಂತು.
ಅವಳಿಗೆ ಈಗ ಎಪ್ಪತ್ತೊಂದು.
ಇಪ್ಪತ್ತೈದರ ಕಟ್ಟು ಎಣಿಸುವ ವೇಗದಲ್ಲಿ
ಬೆರಳಲ್ಲೇ ಲೆಕ್ಕ ಮುಗಿಸಿ
ಇದ್ದ ಮೂರು ಹಲ್ಲೂ ಕಾಣುವ ಹಾಗೆ ನಕ್ಕಳು:
"ಐದು ವರ್ಷ ಎರಡು ತಿಂಗಳು!
ಡಾಕ್ಟ್ರು ಕೂಡ ಅಷ್ಟು ಕೊಡ್ಲಿಲ್ಲ ಮೋನೆ."

ಇಲ್ಲಿ ಹೆಬ್ಬೆಟ್ಟು ಒತ್ತಿ, ಎಂದೆ.
"ಯಾರದ್ದು ಒತ್ತುವುದು,
ಅವಳದ್ದಾ, ನನ್ನದಾ?"

ಸ್ಟ್ಯಾಂಪ್ ಪ್ಯಾಡು ಒಣಗಿತ್ತು.
ಎರಡು ಹನಿ ನೀರು ಹಾಕಿ ತರುವೆನೆಂದು
ಎದ್ದು ಹೊರಗೆ ಹೋದೆ.